ಓಟವೂ ಬೇಕು, ಕುಣಿತವೂ ಬೇಕು ಅಂದರೆ

ನಮ್ಮ ಮನೆಯವರ ಗುಂಪಿನ ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಹಿಂದೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಪುಟ್ಟಾ, ನೀನು ಎರಡು ವಿಷಯ ಕೇಳಿದ್ದೀಯ. ನವರಾತ್ರಿಯಲ್ಲಿ ಅಜ್ಜಿಮನೆಯ ಜಂಬಿಟ್ಟಿಗೆ ಮೆಟ್ಟಿಲಲ್ಲಿ ಜಾರಿ ಉಳುಕಿದ ಎಡಗಾಲು ಈಗ ನೋಯುತ್ತಿಲ್ಲ, ನೆಹರು ಸ್ಟೇಡಿಯಂಗೆ ಹೋಗಿ ಮತ್ತೆ ಓಡಬಹುದಾ ಎನ್ನುವುದು ಒಂದು. ತಂಗಿಯ ಮದುವೆಯ ಹಿಂದಿನ ರಾತ್ರಿ ಕುಣಿಯಲು ಯಾವ ಹಾಡು ಹಾಕೋಣ ಎನ್ನುವುದು ಇನ್ನೊಂದು. ಅದರ ಕೆಳಗೇ ಚಿಕ್ಕಮ್ಮ ‘ಎರಡೂ ಬೇಡ, ಸುಮ್ನೆ ಕೂತ್ಕೋ’ ಎಂದು ಹಾಕಿದ್ದಾರೆ. ದೊಡ್ಡಪ್ಪ ಹಳೆಯ ಹಾಡೇ ಆಗಬೇಕು ಅಂದಿದ್ದಾರೆ. ದಿನಾ ಇಂಥ ಕಾಲುಗಳನ್ನೇ ನೋಡುವ ನನಗೆ ಇವು ಎರಡು ವಿಷಯ ಅನ್ನಿಸಲಿಲ್ಲ. ಓಡುತ್ತಿದ್ದೀಯೋ ಕುಣಿಯುತ್ತಿದ್ದೀಯೋ ಕಾಲಿಗೆ ಗೊತ್ತಾಗುವುದಿಲ್ಲ. ಎಷ್ಟು ಭಾರ ಬಿತ್ತು ಅನ್ನುವುದಷ್ಟೇ ಗೊತ್ತಾಗುತ್ತದೆ. ಹಾಗಾಗಿ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸು.

ಚಿಕ್ಕಮ್ಮ, ಬೈಯಬೇಡಿ. ಉಳುಕಿದ ಕಾಲಿಗೆ ಮೊದಲ ಕೆಲವು ದಿನ ವಿಶ್ರಾಂತಿ ಬೇಕು, ನಿಜ. ಆಮೇಲೂ ಕೂತೇ ಇದ್ದರೆ ಮೀನಖಂಡ ಸೊರಗುತ್ತದೆ, ಗಂಟು ಬಿಗಿಯುತ್ತದೆ. ಇನ್ನೊಂದು ವಿಷಯ ಇದೆ. ಪಾದದ ಗಂಟಿನ ಹೊರಬದಿಯ ಲಿಗಮೆಂಟ್‌ನಲ್ಲಿ, ಅಂದರೆ ಮೂಳೆಗೆ ಮೂಳೆ ಕಟ್ಟಿಡುವ ಪಟ್ಟಿಯಲ್ಲಿ, ಸಣ್ಣ ನರಗಳಿರುತ್ತವೆ. ಪಾದ ಯಾವ ಕಡೆ ವಾಲಿದೆ ಎಂದು ತಲೆಗೆ ಸುದ್ದಿ ಮುಟ್ಟಿಸುವುದರಲ್ಲಿ ಅವುಗಳಿಗೂ ಪಾಲಿದೆ. ಲಿಗಮೆಂಟ್ ಹರಿದರೆ ಆ ಸುದ್ದಿ ತಡವಾಗಿ ಹೋಗುತ್ತದೆ. ಹೊಸ ಡ್ರೈವರ್ ಆಗುಂಬೆ ಘಾಟಿಯ ತಿರುವು ದಾಟಿದ ಮೇಲೆ ಬ್ರೇಕ್ ಒತ್ತಿದ ಹಾಗೆ. ನೋವು ಹೋದರೂ ಈ ಕೊರತೆ ಉಳಿದಿರುತ್ತದೆ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದು ಇದರಿಂದಲೇ ಜಾಸ್ತಿ.

ಅದಕ್ಕೆ ಪುಟ್ಟಾ, ನೋವಿಲ್ಲ ಅನ್ನುವುದೊಂದೇ ಸಾಲದು. ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿಕೋ. ಗೋಡೆಗೆ ಬೆರಳು ತಾಗಿಸಿ, ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿಯನ್ನು 20 ಸಲ ಎತ್ತಿ ಇಳಿಸು. ಆಮೇಲೆ ಅದೇ ಕಾಲಲ್ಲಿ 30 ಸೆಕೆಂಡ್ ಅಲುಗಾಡದೆ ನಿಲ್ಲು. ಅದೇ ಕಾಲಲ್ಲಿ ಕುಂಟಾಬಿಲ್ಲೆ ಆಡುವ ಹಾಗೆ ಹತ್ತು ಸಲ ಹಾರು. ಪ್ರತಿಯೊಂದನ್ನೂ ಬಲಗಾಲಲ್ಲೂ ಮಾಡಿ ಹೋಲಿಸಿ ನೋಡು. ಈ ಮೂರರಲ್ಲೂ ಎಡಗಾಲು ಬಲಗಾಲಿಗೆ ಸಮನಾಗಿದ್ದು, ಅರ್ಧ ಗಂಟೆ ಬಿರುಸಾಗಿ ನಡೆದರೂ ಊತ ಬಾರದಿದ್ದರೆ ಓಟ ಶುರು ಮಾಡು. ಓಟ ಅಂದರೆ ನೀನು ಬರೆದ ಐದು ಕಿಲೋಮೀಟರ್ ಅಲ್ಲ ಮಾರಾಯಾ! ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. ದಿನ ಬಿಟ್ಟು ದಿನ. ಸಮತಟ್ಟಾದ ನೆಲದಲ್ಲಿ ಮಾತ್ರ. ತೀರ್ಥಹಳ್ಳಿ ಕಡೆಯ ಏರಿಳಿತದ ರಸ್ತೆ, ಅಡಿಕೆ ತೋಟದ ಕಾಲುದಾರಿ ಈಗ ಬೇಡ. ಓಡುವಾಗ ಹತ್ತರಲ್ಲಿ ಮೂರರಷ್ಟು ನೋವಾದರೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಕಾಲು ಬಿಗಿದಿದ್ದರೆ ಅಥವಾ ಊದಿದ್ದರೆ ಒಂದು ಮೆಟ್ಟಿಲು ಹಿಂದೆ ಹೋಗು. ಮತ್ತೆ ಮತ್ತೆ ಊದಿದರೆ, ಇಲ್ಲವೇ ಗಂಟಿನ ಮೂಳೆ ಒತ್ತಿದರೆ ನೋವಾದರೆ, ಗುಂಪಿನಲ್ಲಿ ಕೇಳುತ್ತಾ ಕೂರಬೇಡ, ಡಾಕ್ಟರಿಗೆ ತೋರಿಸು.

ಈಗ ಧನುರ್ಮಾಸ, ಮುಹೂರ್ತ ಇರುವುದು ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿಯಲ್ಲಿ. ಅಷ್ಟು ಸಮಯ ಸಾಕು. ಕುಣಿತದ ಪ್ರಾಕ್ಟೀಸ್ ಇರುವ ದಿನ ಓಡಬೇಡ, ಅಷ್ಟೇ.

ಇನ್ನು ಹಾಡು. ನಿಜ ಹೇಳಬೇಕೆಂದರೆ ಓಟಕ್ಕಿಂತ ಕುಣಿತದ್ದೇ ನನಗೆ ಹೆದರಿಕೆ. ಓಡುವಾಗ ಕಾಲು ನೇರ ಮುಂದಕ್ಕೆ ಹೋಗುತ್ತದೆ. ಕುಣಿಯುವಾಗ ಪಕ್ಕಕ್ಕೆ ಜಿಗಿತ, ಒಂಟಿ ಕಾಲಿನಲ್ಲಿ ತಿರುವು. ಪಾದ ಒಳಕ್ಕೆ ಮಡಚಿ ಹೊರ ಅಂಚಿನ ಮೇಲೆ ಬಿದ್ದರೆ ಮುಗಿಯಿತು, ನೀನು ಮೆಟ್ಟಿಲಲ್ಲಿ ಬಿದ್ದದ್ದೂ ಹಾಗೇ ಅಲ್ವಾ? ಅದಕ್ಕೆ ಹಾಡು ಆರಿಸುವಾಗ ತಾಳ ಎಣಿಸು. ಹದಿನೈದು ಸೆಕೆಂಡ್ ಚಪ್ಪಾಳೆ ತಟ್ಟಿ ನಾಲ್ಕರಿಂದ ಗುಣಿಸು. ನಿಮಿಷಕ್ಕೆ 100ರಿಂದ 120 ಬಂದರೆ ಬಿರುಸು ನಡಿಗೆಯ ಲಯ. ಎಲ್ಲ ವಯಸ್ಸಿನವರೂ ಹೆಜ್ಜೆ ಹಾಕಬಹುದು. 160 ದಾಟಿತೋ, ಅದು ಓಟದ ಲಯ. ಟಪ್ಪಾಂಗುಚ್ಚಿಗಳಲ್ಲಿ ಅಂಥವು ಬೇಕಾದಷ್ಟಿವೆ. ಒಂದೇ ಒಂದು ಇರಲಿ, ಕೊನೆಯಲ್ಲಿ, ನೀನು ಹಿಂದಿನ ಸಾಲಿನಲ್ಲಿ. ಡೊಳ್ಳು ಕಟ್ಟಿಕೊಂಡು ಕುಣಿಯುತ್ತೇನೆ ಅಂದಿದ್ದೆಯಲ್ಲ, ಆ ಆಸೆ ಈ ಸಲಕ್ಕೆ ಬಿಡು. ಸಾಗರದ ಕಡೆಯ ತಂಡದವರು ವರ್ಷಗಟ್ಟಲೆ ಪಳಗಿದ ಕಾಲಲ್ಲಿ ಅಷ್ಟು ಭಾರ ಹೊತ್ತು ಹಾರುತ್ತಾರೆ.

ಪೂರ್ತಿ ಹಾಡು ಹಾಕಬೇಡಿ. ಒಂದೊಂದರಿಂದ ಒಂದು ನಿಮಿಷ ಕತ್ತರಿಸಿ ಜೋಡಿಸಿದರೆ ಸಾಕು, ನೋಡುವವರಿಗೂ ಬೇಸರವಾಗುವುದಿಲ್ಲ. ಆರಿಸುವ ಮೊದಲು ಸಾಹಿತ್ಯವನ್ನು ಕೊನೆಯವರೆಗೆ ಕೇಳಿ. ತಾಳ ಚೆನ್ನಾಗಿದೆ ಎಂದು ಪ್ರೀತಿ ಮುರಿದ ಹಾಡಿಗೆ ಮದುಮಕ್ಕಳನ್ನು ಕುಣಿಸುವುದನ್ನು ನೋಡಿ ನೋಡಿ ಸಾಕಾಗಿದೆ. ದೊಡ್ಡಪ್ಪ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ರಾಜ್‌ಕುಮಾರ್ ಕಾಲದ ನಿಧಾನದ ಯುಗಳಗೀತೆಯನ್ನು ಹಿರಿಯರ ಜೋಡಿಗಳಿಗೆ ಇಡೋಣ. ನನ್ನದೊಂದು ಬೇಡಿಕೆ, ಎಲ್ಲಕ್ಕಿಂತ ಮೊದಲು ಅಜ್ಜಿ ಸೋಬಾನೆ ಪದ ಹೇಳಲಿ. ಮೈಕಿನಲ್ಲಿ, ಹಿಂದೆ ಸಂಗೀತ ಇಲ್ಲದೆ. ಅದಕ್ಕೆ ಯಾರೂ ಕುಣಿಯಬೇಡಿ, ಮೊಬೈಲನ್ನೂ ಎತ್ತಿ ಹಿಡಿಯಬೇಡಿ. ಈಗಿನ ಮದುವೆಗಳಲ್ಲಿ ಡಿಜೆ ಸದ್ದಿಗೆ ಅಜ್ಜಿಯಂದಿರ ಬಾಯೇ ಕಟ್ಟಿಹೋಗಿದೆ.

ವೇದಿಕೆಯ ಜಮಖಾನ ತೆಗೆಸಿ, ಮಡಿಕೆಗೆ ಕಾಲು ಸಿಕ್ಕುತ್ತದೆ. ಪುಟ್ಟಾ, ಪಾದದ ಗಂಟನ್ನು ಬಿಗಿಯಾಗಿ ಹಿಡಿದಿಡುವ ಆಂಕಲ್ ಬ್ರೇಸ್ ಹಾಕಿಕೋ. ಪಂಚೆ ಕೆಳಗೆ ಯಾರಿಗೂ ಕಾಣುವುದಿಲ್ಲ. ಅದೇ ಬ್ರೇಸ್, ಅದೇ ಚಪ್ಪಲಿಯಲ್ಲೇ ಪ್ರಾಕ್ಟೀಸೂ ಮಾಡು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಎಂಟಕ್ಕೇ ಶುರು ಮಾಡಿದರೆ ಊಟಕ್ಕೂ ಅನುಕೂಲ. ಹಾಡುಗಳೆಲ್ಲ ಪೆನ್‌ಡ್ರೈವ್‌ನಲ್ಲಿರಲಿ, ಅಲ್ಲಿ ನೆಟ್‌ವರ್ಕ್ ನಂಬಬೇಡಿ.

ದೊಡ್ಡಪ್ಪ, ನಿಮ್ಮ ಜೋಡಿ ಹಾಡು ಯಾವುದು ಎಂದು ಭಾನುವಾರದೊಳಗೆ ಹೇಳಿ. ಹಾಕುವ ಮೊದಲು ದೊಡ್ಡಮ್ಮನನ್ನೂ ಕೇಳಿ.