ಸ್ಕೇಲರ್ ಇಡಬೇಕಾ, ಟೇಬಲ್ ಇಡಬೇಕಾ? ಎಂಐಬಿ ಪ್ರಶ್ನೋತ್ತರ

(ನೆಟ್‌ವರ್ಕ್ ಸಾಧನಗಳನ್ನ ದೂರದಿಂದ ಗಮನಿಸೋ ಪದ್ಧತಿ ಎಸ್‌ಎನ್‌ಎಂಪಿ. ಸಾಧನದಿಂದ ಏನೇನು ಕೇಳಬಹುದು ಅನ್ನೋ ಪಟ್ಟಿ ಎಂಐಬಿ. ಅದರಲ್ಲಿ ಒಂಟಿ ಮೌಲ್ಯ ಸ್ಕೇಲರ್, ಸಾಲು ಸಾಲಾಗಿ ಇರೋದು ಟೇಬಲ್.)

ಬಿಟ್‌ಬೈಟ್: ಸರ್, ಸಾಧನದಲ್ಲಿ ಎರಡು ಪವರ್ ಸಪ್ಲೈ ಇವೆ. ಪಿಎಸ್‌ಯು1ಸ್ಟೇಟಸ್, ಪಿಎಸ್‌ಯು2ಸ್ಟೇಟಸ್ ಅಂತ ಎರಡು ಸ್ಕೇಲರ್ ಇಟ್ಟಿದ್ದೀವಿ. ಸಾಕಲ್ವಾ?

ಉತ್ತರ: ಹೆಸರಲ್ಲಿ 1, 2 ಬಂತು ಅಂದ್ರೆ ಅದು ಟೇಬಲ್ಲೇ. ಇಡೀ ಸಾಧನಕ್ಕೆ ಒಂದೇ ಇರೋದು ಮಾತ್ರ ಸ್ಕೇಲರ್, ಸಿಸ್‌ಅಪ್‌ಟೈಮ್ (ಶುರುವಾಗಿ ಎಷ್ಟು ಹೊತ್ತಾಯ್ತು ಅನ್ನೋ ಲೆಕ್ಕ) ಥರ. ನಾಳೆ ನಾಲ್ಕು ಸಪ್ಲೈ ಇರೋ ಮಾಡೆಲ್ ಬಂದ್ರೆ ಟೇಬಲ್‌ಗೆ ಎರಡು ಸಾಲು ಹೆಚ್ಚಾಗುತ್ತೆ, ಅಷ್ಟೇ. ಎಂಐಬಿ ಈಗಾಗಲೇ ಗ್ರಾಹಕರ ಕೈಗೆ ಹೋಗಿದ್ರೆ ಹಳೇ ಓಐಡಿ (ಪ್ರತಿ ಮಾಹಿತಿಗೂ ಇರೋ ಚುಕ್ಕಿ ಹಾಕಿದ ಸಂಖ್ಯಾ ವಿಳಾಸ) ಮುಟ್ಟಬೇಡಿ. ಅದನ್ನ ಡಿಪ್ರಿಕೇಟೆಡ್ (ಇದೆ, ಆದ್ರೆ ಇನ್ನು ಬಳಸಬೇಡಿ) ಅಂತ ಗುರುತು ಮಾಡಿ, ಟೇಬಲ್‌ಗೆ ಹೊಸ ಸಂಖ್ಯೆ ಕೊಡಿ.

ಪ್ಯಾಕೆಟ್‌ಪುಟ್ಟ: ಸ್ಕೇಲರ್‌ಗೆ ಗೆಟ್ (ಮೌಲ್ಯ ಕೇಳೋ ಆದೇಶ) ಕೊಟ್ರೆ ‘ನೋ ಸಚ್ ಇನ್‌ಸ್ಟನ್ಸ್’ ಅಂತ ಬರುತ್ತೆ.

ಉತ್ತರ: ಓಐಡಿಯ ಕೊನೆಗೆ .0 ಹಾಕಿ.

ರೂಟರ್‌ರಾಜ: ಎಲ್ಲಾ ಸ್ಕೇಲರ್ ಇಟ್ರೆ ಒಂದೇ ಗೆಟ್‌ನಲ್ಲಿ ಬರುತ್ತೆ. ಟೇಬಲ್ ನಿಧಾನ.

ಬಲ್ಕ್‌ಭಟ್ಟ: ಎಸ್‌ಎನ್‌ಎಂಪಿ ವಿ2 ಬಂದಾಗಿಂದ ಗೆಟ್‌ಬಲ್ಕ್ ಇದೆ, ಒಂದೇ ಸಲಕ್ಕೆ ಹಲವು ಸಾಲು ಬರುತ್ತೆ. ಮ್ಯಾಕ್ಸ್ ರಿಪಿಟಿಷನ್ಸ್ (ಒಂದು ಸಲಕ್ಕೆ ಎಷ್ಟು ಸಾಲು) 20 ಇಟ್ಟು ನೋಡಿ.

ರೂಟರ್‌ರಾಜ: ವಿ1 ಸಾಧನಕ್ಕೆ ಏನ್ ಮಾಡ್ತೀರಿ?

ಬಲ್ಕ್‌ಭಟ್ಟ: ಒಂದೇ ಗೆಟ್‌ನೆಕ್ಸ್ಟ್‌ನಲ್ಲಿ (ಕೊಟ್ಟ ಓಐಡಿಯ ಮುಂದಿನದನ್ನ ಕೇಳೋ ಆದೇಶ) ನಾಲ್ಕು ಕಾಲಂ ಕೇಳಬಹುದು. ಓದ್ಕೊಂಡು ಬಂದು ವಾದ ಮಾಡಿ.

ರೂಟರ್‌ರಾಜ: ಪಾಠ ಹೇಳೋಕೆ ನಿಮ್ಮನ್ನ ಕರೆದಿಲ್ಲ.

ಟ್ರ್ಯಾಪ್‌ತಂಗಿ: ರೋಸ್ಟೇಟಸ್ (ಸಾಲು ಸೇರಿಸೋ, ತೆಗೆಯೋ ಕಾಲಂ) ಇರೋ ಟೇಬಲ್‌ಗೆ ಕ್ರಿಯೇಟ್ ಅಂಡ್ ವೇಟ್ (ಸಾಲು ಈಗ ಸೃಷ್ಟಿಸಿ, ಆಮೇಲೆ ಚಾಲೂ ಮಾಡೋದು) ಬೇಕೇ ಬೇಕಾ?

ವಾಕ್‌ವೀರ: ನಮ್ಮ ಸೆನ್ಸರ್ ಟೇಬಲ್ ವಾಕ್ (ಗೆಟ್‌ನೆಕ್ಸ್ಟ್‌ನಿಂದ ಒಂದೊಂದಾಗಿ ಎಲ್ಲಾ ಓದೋದು) ಮಾಡಿದ್ರೆ ಇಂಡೆಕ್ಸ್ (ಸಾಲಿನ ಗುರುತು) 1, 10, 11, 12 ಬಂದು, 2ಕ್ಕೆ ‘ಓಐಡಿ ನಾಟ್ ಇಂಕ್ರೀಸಿಂಗ್’ ಅಂತ ನಿಲ್ಲುತ್ತೆ. ಫಾರ್ವರ್ಡ್ ಒಂದರಲ್ಲಿ ಹೇಳಿದ ಹಾಗೆ ವಾಕ್ ಆದೇಶಕ್ಕೆ ‘-ಸಿಸಿ’ (ಓಐಡಿ ಏರ್ತಿದೆಯಾ ಅಂತ ನೋಡಬೇಡ ಅನ್ನೋ ಆಯ್ಕೆ) ಹಾಕಿದ್ವಿ, ಎರರ್ ಹೋಯ್ತು.

ಉತ್ತರ: ಎರರ್ ಹೋಗಿಲ್ಲ, ಪರೀಕ್ಷೆ ಹೋಗಿದೆ. ಆ ಫಾರ್ವರ್ಡ್ ಇನ್ನೆಷ್ಟು ಜನರ ಏಜೆಂಟ್ (ಸಾಧನದೊಳಗಿದ್ದು ಉತ್ತರ ಕೊಡೋ ತಂತ್ರಾಂಶ) ಹಾಳು ಮಾಡುತ್ತೋ! ಏಜೆಂಟ್ ನಿಜವಾಗಿ ಸುತ್ತು ಹೊಡೀತಿದ್ರೆ ‘-ಸಿಸಿ’ ಹಾಕಿದ ವಾಕ್ ಮುಗಿಯೋದೇ ಇಲ್ಲ. ನಿಮ್ಮ ಏಜೆಂಟ್ ಇಂಡೆಕ್ಸನ್ನ ಪಠ್ಯದ ಥರ ಹೋಲಿಸ್ತಿದೆ, ಅದಕ್ಕೇ 2ಕ್ಕಿಂತ 10 ಮುಂದೆ. ಓಐಡಿಯ ಪ್ರತಿ ತುಂಡನ್ನೂ ಸಂಖ್ಯೆಯಾಗಿ ಹೋಲಿಸಬೇಕು. ಸ್ಟ್ರಿಂಗ್ ಇಂಡೆಕ್ಸ್‌ನಲ್ಲೂ ಇದೇ ಗುಂಡಿ ಇದೆ: ಉದ್ದ ಬದಲಾಗೋ ಸ್ಟ್ರಿಂಗ್‌ಗೆ ಎಂಐಬಿಯಲ್ಲಿ ಇಂಪ್ಲೈಡ್ ಅಂತ ಬರೆಯದಿದ್ರೆ ಓಐಡಿಯಲ್ಲಿ ಅದರ ಉದ್ದ ಮೊದಲು ಬರುತ್ತೆ, ಆಮೇಲೆ ಅಕ್ಷರಗಳ ಸಂಕೇತ ಸಂಖ್ಯೆ. ಇಂಗ್ಲಿಷ್ ಸಣ್ಣಕ್ಷರದ ‘ಬಿ’ 1.98, ‘ಎಎ’ 2.97.97, ಹಾಗಾಗಿ ‘ಬಿ’ ಮುಂದೆ. ತಿದ್ದಿದ ಮೇಲೆ 5ನೇ ಸೆನ್ಸರ್ ಕಿತ್ತು, ಅದರ ಓಐಡಿಗೇ ಗೆಟ್‌ನೆಕ್ಸ್ಟ್ ಕೊಡಿ. 6 ಬರಬೇಕು. ಸಾಲು ಇಲ್ಲ ಅಂತ ಮುಂದಿನ ಕಾಲಂಗೆ ಹಾರಿದ್ರೆ, ಕೋಡ್ ಅದೇ ಇಂಡೆಕ್ಸನ್ನ ಹುಡುಕ್ತಿದೆ. ಅದಕ್ಕಿಂತ ದೊಡ್ಡದರಲ್ಲಿ ಮೊದಲನೆಯದನ್ನ ಹುಡುಕಬೇಕು.

ಬಿಟ್‌ಬೈಟ್: ಫ್ಯಾನ್ ಒಂದೇ ಇದೆ ಸರ್, ಅದಕ್ಕೆ ಸ್ಕೇಲರ್ ಸಾಕಾ?

ಉತ್ತರ: ಎರಡಾಗೋ ಸಾಧ್ಯತೆ ಇದ್ರೆ ಒಂದೇ ಸಾಲಿನ ಟೇಬಲ್. ಮೇಲೆ ಹೇಳಿದ್ದೇ.

ರೂಟರ್‌ರಾಜ: ಇಂಡೆಕ್ಸ್ 0ಯಿಂದ ಶುರು ಮಾಡೋದು ಒಳ್ಳೇದು ಅಂತ ಒಂದು ಪೋಸ್ಟ್ ಬಂದಿದೆ.

ಉತ್ತರ: ಅದನ್ನೂ ಡಿಲೀಟ್ ಮಾಡಿ. ವಿಶೇಷ ಕಾರಣ ಇಲ್ಲದೆ 0 ಬೇಡ ಅಂತ ಎಂಐಬಿ ಬರೆಯೋ ನಿಯಮದ ದಾಖಲೆ ಆರ್‌ಎಫ್‌ಸಿ 2578ರಲ್ಲೇ ಇದೆ. 1ರಿಂದ.

ಟ್ರ್ಯಾಪ್‌ತಂಗಿ: ನನ್ನ ಪ್ರಶ್ನೆ?

ಪ್ಯಾಕೆಟ್‌ಪುಟ್ಟ: ನನಗೂ ‘ನಾಟ್ ಇಂಕ್ರೀಸಿಂಗ್’ ಬರ್ತಿದೆ ಸರ್, ‘-ಸಿಸಿ’ ಹಾಕ್ಲಾ?

ಉತ್ತರ: ಬೇಡ. ಸ್ಕ್ರೋಲ್ ಮಾಡಿ ಓದ್ರೀ.