ಅಪ್‌ಡೇಟ್: ಬಾಯಿ ಬಿಟ್ಟಿದ್ದ ಫಾರ್ಮಲ್ ಶೂ ಸೋಲ್ ಗಟ್ಟಿಯಾಗಿ ಕೂತಿತು

ಹೋದ ವಾರ ಕೇಳಿದ್ದೆ: ಕಡಿಮೆ ಬೆಲೆಯ ಚರ್ಮದ ಶೂ, ಮೇಲ್ಭಾಗ ಚೆನ್ನಾಗಿದೆ, ಮುಂದೆ ಸೋಲ್ ಬಿಟ್ಟುಕೊಂಡಿದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸೂಪರ್ ಗ್ಲೂ ನಿಲ್ಲಲಿಲ್ಲ. ಒಣಗಿದರೆ ಅದು ಗಾಜಿನ ಥರ ಬಿರುಸಾಗುತ್ತೆ, ಬೆರಳಿನ ಬುಡದಲ್ಲಿ ಶೂ ಮಡಚಿದ ಕೂಡಲೇ ಸಿಡಿದು ಬಿಡುತ್ತೆ. ಗೆದ್ದದ್ದು ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಕಾಂಟ್ಯಾಕ್ಟ್ ಅಂಟಿನ ಸಲಹೆ: ಎರಡೂ ಕಡೆ ಹಚ್ಚಿ, ಆರಿದ ಮೇಲೆ ಒತ್ತಿ ಜೋಡಿಸುವ ಅಂಟು, ಒಣಗಿದರೂ ಬಾಗುತ್ತೆ.

ಅರ್ಧ ಕೆಲಸ ಅಂಟು ಹಚ್ಚುವ ಮುಂಚೆಯೇ ಇರುತ್ತೆ. ಹಳೇ ಅಂಟಿನ ಹಳದಿ ಪೊರೆ ಪೂರ್ತಿ ಕೆರೆಯಬೇಕು. ಅದು ಉಳಿದರೆ ಹೊಸ ಅಂಟು ಹಿಡಿಯೋದು ಆ ಪೊರೆಯನ್ನೇ. ಆಮೇಲೆ 80 ನಂಬರ್ ಉಪ್ಪುಕಾಗದದಿಂದ ಎರಡೂ ಕಡೆ ಉಜ್ಜಿ, ಧೂಳು ಒರೆಸಿ, ಎರಡೂ ಕಡೆ ತೆಳುವಾಗಿ ಹಚ್ಚಬೇಕು. ಚರ್ಮ ಮೊದಲ ಕೋಟ್ ಹೀರಿಕೊಳ್ಳುತ್ತೆ, ಅಲ್ಲಿಗೆ ಇನ್ನೊಂದು ಬೇಕು. ಹಸಿಯಿದ್ದಾಗ ಜೋಡಿಸಬೇಡಿ. 10–15 ನಿಮಿಷ ಬಿಟ್ಟು, ಬೆರಳಿಗೆ ಮೆತ್ತದಷ್ಟು ಆರಿದ ಮೇಲೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಲವಾಗಿ ಒತ್ತಿ. ಜೋಡಿಸಿದ ಮೇಲೆ ಸರಿಸೋಕೆ ಆಗಲ್ಲ, ತುದಿಯಿಂದಲೇ ಸರಿಯಾಗಿ ಕೂರಿಸಿ. ಸೈಕಲ್ ಟ್ಯೂಬ್ ಪಟ್ಟಿ ಸುತ್ತಿ 24 ಗಂಟೆ ಬಿಟ್ಟೆ.

ಹೊಲಿಗೆ ಹಾಕಿಸಿ ಅಂದವರಿಗೆ: ಈ ಸೋಲ್ ತೆಳು, ತೂತು ಬಿದ್ದ ಸಾಲಿನಲ್ಲೇ ಹರಿಯುತ್ತೆ ಅಂತ ಬಿಟ್ಟೆ.

ನನಗೆ ಗೊತ್ತಿರದ ಸಂಗತಿ ಒಂದು: ಪಾಲಿಯುರೆಥೇನ್ ಸೋಲ್ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತೆ. ಉಗುರು ಒತ್ತಿದಾಗ ಉದುರಿದರೆ ಯಾವ ಅಂಟೂ ನಿಲ್ಲಲ್ಲ, ಸೋಲ್ ಬದಲಿಸಬೇಕು.