ಬೇಸಿಗೆಯಲ್ಲಿ ಒದ್ದೆ, ಮಳೆಗಾಲದಲ್ಲಿ ಒಣ: ಈ ಗೋಡೆಗೆ ಏನಾಗಿದೆ?

ಹಳೆಮನೆ_ಹೊಸಮಾಲೀಕ

ಎಲ್ಲರಿಗೂ ನಮಸ್ಕಾರ. ಮಲಗುವ ಕೋಣೆಯ ಒಂದು ಗೋಡೆ ನನ್ನ ತಲೆ ತಿನ್ನುತ್ತಿದೆ. ಯಾರಾದರೂ ದಾರಿ ತೋರಿಸಿ.

ಹನ್ನೆರಡು ವರ್ಷ ಹಳೆಯ ಮನೆ. ನಾವು ಕೊಂಡುಕೊಂಡು ಬಂದದ್ದು ಹೋದ ವರ್ಷ. ಬಾಗಿಲಿನ ಮೇಲ್ಪಟ್ಟಿಯ ಎತ್ತರದಲ್ಲಿ, ಗೋಡೆಗೆ ಅಡ್ಡಲಾಗಿ ತೇವದ ಒಂದು ಪಟ್ಟೆ ಕಾಣಿಸುತ್ತದೆ. ಸುಮಾರು ಐದಡಿ ಉದ್ದ, ಒಂದು ಗೇಣು ಅಗಲ. ಬಲಗಡೆಯ ತುದಿ ಎಡಗಡೆಗಿಂತ ನಾಲ್ಕು ಬೆರಳು ಕೆಳಗಿದೆ. ಬಣ್ಣ ಗುಳ್ಳೆ ಎದ್ದಿದೆ, ಗುಳ್ಳೆ ಒಡೆದ ಕಡೆ ಬಿಳಿ ಪುಡಿ ಬರುತ್ತಿದೆ.

ಗೋಡೆಯ ಆಚೆ ಬಾತ್‌ರೂಮ್. ಗೀಸರ್ ಕೂಡ ಸರಿಯಾಗಿ ಅದೇ ಎತ್ತರದಲ್ಲಿದೆ. ಹಾಗಾಗಿ ಪ್ಲಂಬರ್ ಬಂದವರೇ ಗೀಸರ್ ಕನೆಕ್ಷನ್ ಬದಲಾಯಿಸಿದರು. ಮೇಸ್ತ್ರಿ ಬಂದು ಟೈಲ್ಸ್ ಸಂದಿಗೆಲ್ಲ ಹೊಸದಾಗಿ ಗ್ರೌಟ್ ತುಂಬಿದರು. ಪೇಂಟರ್ ಡ್ಯಾಂಪ್ ಪ್ರೂಫ್ ಬಣ್ಣ ಹೊಡೆದರು. ಪಟ್ಟೆ ಮಾತ್ರ ಅಲ್ಲೇ ಇದೆ.

ತಲೆ ಕೆಡಿಸಿರುವುದು ಇದು: ಮಳೆಗಾಲದಲ್ಲಿ ಗೋಡೆ ಒಣಗಿತ್ತು! ಸರಿಹೋಯಿತು ಅಂದುಕೊಂಡೆವು. ಸೆಕೆ ಶುರುವಾದ ಕೂಡಲೇ ಮತ್ತೆ ಒದ್ದೆ. ಈಗ ಮೇಸ್ತ್ರಿ ಗೋಡೆ ಒಡೆದು ನೋಡೋಣ ಅನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನೇನು ನೋಡಬೇಕು?

ಗಾರೆ_ಗುರು

ತಾರಸಿಯಿಂದಲೇ ಇಳಿದಿರುತ್ತೆ ಸರ್. ಮಳೆ ನೀರು ಸ್ಲ್ಯಾಬ್ ಒಳಗೆ ನಿಂತು ನಿಧಾನವಾಗಿ ಕೆಳಗೆ ಬರುತ್ತೆ. ಮೇಲೆ ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸಿಬಿಡಿ.

ಟಾರ್ಚ್_ಹಿಡಿದವನು

ಮನೆ ತಪಾಸಣೆಯೇ ನನ್ನ ಕೆಲಸ. ಜನ ಮನೆ ಕೊಳ್ಳುವ ಮೊದಲು ಹೋಗಿ ನೋಡಿ ವರದಿ ಬರೆದು ಕೊಡುತ್ತೇನೆ. ಇಂಥ ಗೋಡೆಗಳೇ ನಮ್ಮ ಹೊಟ್ಟೆಪಾಡು ಅನ್ನಿ.

ತಾರಸಿಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಮಳೆ ನೀರಾಗಿದ್ದರೆ ಸೀಲಿಂಗ್‌ನಲ್ಲಿ, ಇಲ್ಲವೇ ಸೀಲಿಂಗ್ ಗೋಡೆ ಸೇರುವ ಮೂಲೆಯಲ್ಲಿ ಕಲೆ ಇರಬೇಕಿತ್ತು. ನೀವು ಆ ಬಗ್ಗೆ ಏನೂ ಬರೆದಿಲ್ಲ. ನೆಲದಿಂದ ಏರುವ ತೇವ ಅಂತೂ ಅಲ್ಲವೇ ಅಲ್ಲ. ಅದು ಬುಡದಿಂದ ಶುರುವಾಗುತ್ತೆ, ಸಾಮಾನ್ಯವಾಗಿ ಒಂದು ಮೀಟರ್ ಸುತ್ತಮುತ್ತ ನಿಂತುಬಿಡುತ್ತೆ. ಬಾಗಿಲೆತ್ತರಕ್ಕೆ ಹಾರಿ ಅಲ್ಲಿ ಮಾತ್ರ ಕೂರುವುದಿಲ್ಲ.

ನೀರಿನ ಪೈಪ್ ಸೋರಿಕೆ ಮೇಲೂ ನನಗೆ ಅನುಮಾನ. ಸದಾ ಒತ್ತಡದಲ್ಲಿರುವ ಪೈಪಿಗೆ ಬೇಸಿಗೆ ಮಳೆಗಾಲ ಅಂತ ಇರುವುದಿಲ್ಲ, ಅದು ವರ್ಷಪೂರ್ತಿ ಸೋರುತ್ತೆ. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ. ಮೇಲಿನ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ. ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಯಾರೂ ನೀರು ಮುಟ್ಟದೆ ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಬಾತ್‌ರೂಮ್ ನೆಲದ್ದು ಬೇರೆ ಪರೀಕ್ಷೆ. ಫ್ಲೋರ್ ಟ್ರ್ಯಾಪ್‌ಗೆ ಬಿರಡೆ ಹಾಕಿ, ಹೊಸಿಲು ದಾಟದಷ್ಟು ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ಆದರೆ ನಿಮ್ಮ ಪಟ್ಟೆ ಏಳಡಿ ಮೇಲಿದೆ. ಈ ಸಲಕ್ಕೆ ಅದು ಬೇಡ.

ನನಗೆ ಬೇಕಿರುವುದು ಬೇರೆ ಮಾಹಿತಿ.

ದಿನದಲ್ಲಿ ಯಾವ ಹೊತ್ತು ಜಾಸ್ತಿ ಒದ್ದೆ? ಬೆಳಗ್ಗೆಯೋ ಸಂಜೆಯೋ? ಮನೆಯಲ್ಲಿ ಎಸಿ ಇದೆಯೇ? ಈ ಕೋಣೆಯಲ್ಲಿ ಅಂತಲ್ಲ, ಮನೆಯಲ್ಲಿ ಎಲ್ಲಾದರೂ. ಇದ್ದರೆ ಹೊರಗಿನ ಯೂನಿಟ್ ಎಲ್ಲಿದೆ? ಆ ಪಟ್ಟೆಯ ಇಳಿಜಾರು ಯಾವ ದಿಕ್ಕಿಗೆ?

ನಾಲ್ಕು ಬೆರಳು ಇಳಿಜಾರು ಅಂದಿರಲ್ಲ, ಅದನ್ನು ಓದಿ ಕಿವಿ ನೆಟ್ಟಗಾಯಿತು. ಸೋರಿದ ನೀರು ಗೋಡೆ ಮೇಲೆ ಹೇಗೆಂದರೆ ಹಾಗೆ ಹರಡುತ್ತೆ, ನೇರವಾದ ಓರೆ ಗೆರೆ ಎಳೆಯುವುದಿಲ್ಲ. ಗೆರೆ ಎಳೆದಿದ್ದು ಮನುಷ್ಯ. ಯಾರೋ ಗೋಡೆ ಕೊರೆದು, ಒಳಗೆ ಏನನ್ನೋ ಇಟ್ಟು, ಗಾರೆ ಮುಚ್ಚಿದ್ದಾರೆ.

ಹಳೆಮನೆ_ಹೊಸಮಾಲೀಕ

ಸರ್, ನೀವು ಕೇಳಿದ ಮೇಲೆ ಕೂತು ನೋಡಿದೆ. ಬೆಳಗ್ಗೆ ಎದ್ದಾಗ ಕೈಯಿಟ್ಟರೆ ತಣ್ಣಗೆ, ಒದ್ದೆ. ಸಂಜೆ ಹೊತ್ತಿಗೆ ಬಣ್ಣ ತಿಳಿಯಾಗುತ್ತೆ.

ಈ ಕೋಣೆಯಲ್ಲಿ ಎಸಿ ಇಲ್ಲ. ಪಕ್ಕದ ಕೋಣೆಯಲ್ಲಿದೆ, ಮಕ್ಕಳು ಮಲಗುವುದು ಅಲ್ಲಿ. ಹಳೆ ಮಾಲೀಕರು ಹಾಕಿಸಿದ್ದು. ಹೊರಗಿನ ಯೂನಿಟ್ ನಮ್ಮ ಕೋಣೆಯ ಬಾಲ್ಕನಿಯಲ್ಲಿದೆ. ಪಟ್ಟೆಯ ಇಳಿಜಾರು ಬಾಲ್ಕನಿ ಕಡೆಗೇ. ಅಯ್ಯೋ, ಪೈಪ್ ಯಾವ ದಾರಿಯಲ್ಲಿ ಹೋಗಿದೆ ಅಂತ ನಾನು ಯಾವತ್ತೂ ಯೋಚನೆಯೇ ಮಾಡಿರಲಿಲ್ಲ!

ಟ್ಯಾಂಕ್ ಪರೀಕ್ಷೆ ಮಾಡಿದೆ. ಮಟ್ಟ ಕದಲಿಲ್ಲ.

ಟಾರ್ಚ್_ಹಿಡಿದವನು

ಹಾಗಾದರೆ ಗೀಸರ್ ಪಾಪ ನಿರಪರಾಧಿ.

ರಾತ್ರಿ ಎಸಿ ಓಡುತ್ತೆ, ಬೆಳಗ್ಗೆ ಗೋಡೆ ಒದ್ದೆ. ಮಳೆಗಾಲದಲ್ಲಿ ಎಸಿ ಹಾಕುವುದಿಲ್ಲ, ಗೋಡೆ ಒಣ. ಇನ್ನು ಉಳಿಯುವುದು ಎರಡೇ ಸಾಧ್ಯತೆ. ಒಂದು, ಎಸಿ ನೀರು ಹೊರಹಾಕುವ ಪೈಪ್ ಗೋಡೆಯೊಳಗೆ ಬಿಟ್ಟುಕೊಂಡಿದೆ ಅಥವಾ ಕಟ್ಟಿಕೊಂಡಿದೆ. ಎರಡು, ಒಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ನಡುವೆ ಎಸಿ ಗ್ಯಾಸ್ ಓಡಾಡುವ ತಾಮ್ರದ ಪೈಪಿನ ಮೇಲಿನ ಫೋಮ್ ಹೊದಿಕೆ ಎಲ್ಲೋ ಹರಿದಿದೆ, ಇಲ್ಲವೇ ಹಾಕಿಯೇ ಇಲ್ಲ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ನಂಬುವುದಿಲ್ಲ. ಗಾಳಿ 30 ಡಿಗ್ರಿ ಇದ್ದು, ತೇವಾಂಶ ಶೇ. 60 ಇದ್ದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೂ ನೀರು ಕೂರುತ್ತೆ. ಐಸ್ ನೀರಿನ ಲೋಟ ಹೊರಗೆ ಬೆವರುವುದು ನೋಡಿದ್ದೀರಲ್ಲ, ಅದೇ. ಎಸಿ ಓಡುವಾಗ ತಾಮ್ರದ ಪೈಪ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತೆ. ಹೊದಿಕೆ ಇಲ್ಲದ ಕಡೆ ರಾತ್ರಿಯಿಡೀ ಬೆವರಿ ಗಾರೆಗೆ ನೀರುಣಿಸುತ್ತೆ. ಒಂದು ತೊಟ್ಟೂ ಸೋರಿಕೆ ಇಲ್ಲದೆ ಗೋಡೆ ನೆನೆಯುತ್ತೆ.

ಯಾವುದು ಅಂತ ಗೋಡೆ ಒಡೆಯದೆಯೇ ಗೊತ್ತು ಮಾಡಿಕೊಳ್ಳಬಹುದು. ಎಸಿ ಆಫ್ ಮಾಡಿ. ಗೋಡೆ ಒಣಗಲು ಬಿಡಿ. ಆಮೇಲೆ ಒಳಗಿನ ಯೂನಿಟ್‌ನ ನೀರಿನ ತಟ್ಟೆಗೆ ನಿಧಾನವಾಗಿ ನೀರು ಹುಯ್ಯಿಸಿ. ಎಸಿ ಸರ್ವಿಸ್ ಮಾಡುವವರಿಗೆ ಹೇಳಿದರೆ ಸಾಕು, ಮಾಡಿಕೊಡುತ್ತಾರೆ. ಹುಯ್ದ ನೀರೆಲ್ಲ ಹೊರಗಿನ ತುದಿಯಲ್ಲಿ ಬಂದು, ಪಟ್ಟೆ ಒಣಗಿಯೇ ಇದ್ದರೆ ಡ್ರೈನ್ ಪೈಪ್ ಸರಿಯಿದೆ. ತಪ್ಪು ಹೊದಿಕೆಯದ್ದು. ನೀರು ಕಡಿಮೆ ಬಂತು, ಪಟ್ಟೆ ಕಪ್ಪಾಯಿತು ಅಂದರೆ ಡ್ರೈನ್‌ನದ್ದು.

ಥರ್ಮಲ್ ಕ್ಯಾಮೆರಾ ಇರುವವರು ಸಿಕ್ಕರೆ ಎಸಿ ಓಡುವಾಗ ಒಂದು ಫೋಟೋ ತೆಗೆಸಿ, ಪೈಪಿನ ದಾರಿ ಗೆರೆ ಗೆರೆಯಾಗಿ ಕಾಣುತ್ತೆ. ಆದರೆ ನೆನಪಿರಲಿ, ಆ ಕ್ಯಾಮೆರಾಗೆ ನೀರು ಕಾಣಿಸುವುದಿಲ್ಲ. ಅದು ತೋರಿಸುವುದು ಮೇಲ್ಮೈಯ ಬಿಸಿ ತಂಪು ಅಷ್ಟೇ. ಸೂಜಿ ಚುಚ್ಚುವ ಮೀಟರ್ ತಂದು "ನೋಡಿ, ಎಷ್ಟು ತೇವ" ಅಂತ ಹೆದರಿಸುವವರನ್ನೂ ಪೂರ್ತಿ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನುವುದನ್ನು. ನಿಮ್ಮ ಗೋಡೆಯಲ್ಲಿ ಬಿಳಿ ಪುಡಿ ಇದೆ, ಅಂದರೆ ಉಪ್ಪು. ಉಪ್ಪಿದ್ದರೆ ಗೋಡೆ ಹೆಚ್ಚುಕಡಿಮೆ ಒಣಗಿದ್ದರೂ ಮುಳ್ಳು ಮೇಲೇರುತ್ತೆ.

ಮೂಲೆಮನೆ

ಸರ್, ನೀವು ಸಿಕ್ಕಿದ್ದೀರಿ ಅಂತ ನನ್ನದೂ ಒಂದು ಕೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಮೋಟಾರ್ ಹಾಕಿದಾಗ ಹಾಲ್‌ನ ಲೈಟ್ ಮಂಕಾಗುತ್ತೆ, ಅದು ಓಕೆ. ಆದರೆ ರೂಮಿನ ಲೈಟ್ ಇನ್ನೂ ಜೋರಾಗಿ ಉರಿಯುತ್ತೆ! ಮೂರು ಫೇಸ್ ಕನೆಕ್ಷನ್. ಹಾಲ್ ಗೋಡೆಯಲ್ಲಿ ಬೀಮ್ ಕೆಳಗೆ ಉದ್ದಕ್ಕೂ ಒಂದು ಸಣ್ಣ ಬಿರುಕೂ ಇದೆ. ಅದರದ್ದೇ ಭಯ ಜಾಸ್ತಿ.

ಟಾರ್ಚ್_ಹಿಡಿದವನು

ನಿಮ್ಮ ಭಯ ತಲೆಕೆಳಗಾಗಿದೆ. ಬಿರುಕು ಕಾಯುತ್ತೆ, ಲೈಟ್ ಕಾಯುವುದಿಲ್ಲ.

ಒಂದು ಕಡೆ ಮಂಕು, ಇನ್ನೊಂದು ಕಡೆ ಜೋರು ಅಂದರೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲವಾಗಿರುವ ಲಕ್ಷಣ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಪ್ರತಿ ಫೇಸಿಗೂ 230 ವೋಲ್ಟ್ ಆಸುಪಾಸು ಸಿಗುತ್ತೆ. ಅದು ಕೈಕೊಟ್ಟರೆ ಫೇಸುಗಳು ವೋಲ್ಟೇಜನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಲೋಡ್ ಜಾಸ್ತಿ ಇರುವ ಕಡೆ ಇಳಿಯುತ್ತೆ, ಕಡಿಮೆ ಇರುವ ಕಡೆ 300 ದಾಟಿದರೂ ದಾಟಿತು. ಫ್ರಿಜ್, ಟಿವಿ ಸುಟ್ಟುಹೋಗುವುದು ಹೀಗೇ. ಸಡಿಲವಾದ ಜಾಗ ಕಾದು ಬೆಂಕಿಯೂ ಹತ್ತಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಇವತ್ತೇ ಎಲೆಕ್ಟ್ರೀಷಿಯನ್ ಕರೆಸಿ. ಮೀಟರಿನಿಂದ ಆಚೆಗಿನ ತಪ್ಪಾದರೆ ವಿದ್ಯುತ್ ಕಂಪನಿಯವರೇ ಬರಬೇಕು. ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಇನ್ನು ಬಿರುಕು. ಬೀಮ್ ಕಾಂಕ್ರೀಟು, ಕೆಳಗಿನದು ಇಟ್ಟಿಗೆ ಅಥವಾ ಬ್ಲಾಕ್. ಬಿಸಿಲಿಗೆ ಎರಡೂ ಒಂದೇ ಥರ ಹಿಗ್ಗುವುದಿಲ್ಲ. ಸೇರುವ ಜಾಗದಲ್ಲಿ ಜಾಲರಿ ಹಾಕದೆ ಗಾರೆ ಮಾಡಿದ್ದರೆ ಕೂದಲೆಳೆಯ ಗೆರೆ ಬರುವುದು ಮಾಮೂಲು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಕೆಲವು ತಿಂಗಳು ಬಿಟ್ಟು ನೋಡಿ. ಬೆಳೆದಿಲ್ಲ ಅಂದರೆ ತುಂಬಿಸಿ ಬಣ್ಣ ಹೊಡೆಸಿ. ನನಗೆ ದಿಗಿಲಾಗುವುದು ಬೇರೆ ಥರದವು: ಇಟ್ಟಿಗೆ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು, ಒಂದು ತುದಿ ಅಗಲ ಇನ್ನೊಂದು ತುದಿ ಚೂಪು ಇರುವುದು, 5 ಮಿಲಿಮೀಟರ್ ದಾಟಿದ್ದು, ಜೊತೆಗೆ ಬಾಗಿಲು ಕಿಟಕಿ ಹಿಡಿದುಕೊಳ್ಳುವುದು. ಅಂಥದ್ದು ಕಂಡರೆ ನನ್ನಂಥವನ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು.

ಗಾರೆ_ಗುರು

ಎಸಿ ವಿಷಯ ನನಗೆ ಹೊಳೆಯಲೇ ಇಲ್ಲ ನೋಡಿ. ಆದರೂ ತಾರಸಿ ಒಂದ್ಸಲ ನೋಡುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಟಾರ್ಚ್_ಹಿಡಿದವನು

ನೋಡುವುದಕ್ಕೆ ಖಂಡಿತ ತಪ್ಪಿಲ್ಲ. ನೋಡದೆ ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸುವುದಕ್ಕೆ ನನ್ನ ತಕರಾರು.

ಹಳೆಮನೆ_ಹೊಸಮಾಲೀಕ

ಬಂತು ಉತ್ತರ! ಸರ್ವಿಸ್ ಹುಡುಗ ನೀರು ಹುಯ್ದ. ಬಾಲ್ಕನಿಯ ತುದಿಯಲ್ಲಿ ಸಲೀಸಾಗಿ ಬಂತು, ಪಟ್ಟೆ ಒಣಗಿಯೇ ಇತ್ತು. ಆಮೇಲೆ ಅಂಗೈ ಅಗಲಕ್ಕೆ ಮಾತ್ರ ಗಾರೆ ಕೆತ್ತಿಸಿದೆ. ಒಳಗೆ ಎರಡು ತಾಮ್ರದ ಪೈಪ್. ಎರಡನ್ನೂ ಸೇರಿಸಿ ಒಂದೇ ತೆಳು ಫೋಮ್ ಸುತ್ತಿ ಟೇಪ್ ಹಾಕಿದ್ದಾರೆ. ಫೋಮ್ ಮುಟ್ಟಿದರೆ ಪುಡಿ ಪುಡಿ. ಒಂದು ಕಡೆ ಪೈಪ್ ಪೂರ್ತಿ ಬೋಳು, ಹಸಿರು ಕಟ್ಟಿದೆ. ಎಸಿ ಹಾಕಿ ಸ್ವಲ್ಪ ಹೊತ್ತು ನಿಂತು ನೋಡಿದೆವು. ಮೊದಲು ಮಂಜು ಹಿಡಿಯಿತು, ಆಮೇಲೆ ಸಾಲಾಗಿ ಹನಿ. ನನ್ನ ಹೆಂಡತಿ ವಿಡಿಯೋ ಮಾಡಿ ಪ್ಲಂಬರ್‌ಗೆ ಕಳಿಸಿದ್ದಾಳೆ, ಉತ್ತರ ಬಂದಿಲ್ಲ.

ಈಗ ಏನು ಮಾಡಲಿ? ಮೇಸ್ತ್ರಿ ಉದ್ದಕ್ಕೂ ಒಡೆದು ಹೊಸ ಫೋಮ್ ಹಾಕಿ ಮುಚ್ಚೋಣ ಅನ್ನುತ್ತಾರೆ. ಆ ಬಿಳಿ ಪುಡಿಯನ್ನು ನೀರಲ್ಲಿ ತೊಳೆದರೆ ಹೋಗುತ್ತದೆಯೇ?

ಟಾರ್ಚ್_ಹಿಡಿದವನು

ನನ್ನನ್ನು ಕೇಳಿದರೆ ಮತ್ತೆ ಗೋಡೆಯೊಳಗೆ ಹೂಳಬೇಡಿ. ದಾರಿ ಇದ್ದರೆ ಗೋಡೆ ಮೇಲೆಯೇ ತಂದು ಪ್ಲಾಸ್ಟಿಕ್ ಕವರ್ ಹಾಕಿಸಿ. ಸ್ವಲ್ಪ ಕಾಣುತ್ತೆ, ಕಾಣಲಿ ಬಿಡಿ, ಮುಂದೆ ಕೆಟ್ಟರೆ ಕೈಗೆ ಸಿಗುತ್ತೆ. ಒಳಗೇ ಬೇಕು ಅಂದರೆ ಎರಡೂ ಪೈಪಿಗೆ ಬೇರೆ ಬೇರೆ ದಪ್ಪ ಹೊದಿಕೆ ಹಾಕಿಸಿ. ಜೋಡಣೆಯ ಕಡೆ ಅಂಟಿಸಿ ಟೇಪ್ ಸುತ್ತಿಸಿ. ತಿರುವಿನಲ್ಲಿ ಫೋಮ್ ಒತ್ತಿ ತೆಳುವಾಗದಂತೆ ಕೊರೆದ ಜಾಗ ಅಗಲವಾಗಿರಲಿ. ಮುಚ್ಚುವ ಮೊದಲು ಒಂದು ರಾತ್ರಿ ಎಸಿ ಓಡಿಸಿ, ಬೆಳಗ್ಗೆ ಹೊದಿಕೆಯ ಮೇಲೆ ಕೈಯಾಡಿಸಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ನಾಳೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತೆ.

ಬಿಳಿ ಪುಡಿಗೆ ನೀರು ಹಾಕಬೇಡಿ. ಕರಗಿ ಮತ್ತೆ ಗಾರೆಯೊಳಗೇ ಇಳಿಯುತ್ತೆ, ಒಣಗಿದಾಗ ಮತ್ತೆ ಹೊರಗೆ ಬರುತ್ತೆ. ಒಣ ಬ್ರಷ್‌ನಲ್ಲಿ ಉಜ್ಜಿ, ಉದುರಿದ್ದನ್ನು ಗುಡಿಸಿ ತೆಗೆಯಿರಿ. ಪುಡಿ ಬರುವುದು ನಿಲ್ಲುವವರೆಗೆ ಆಗಾಗ ಹೀಗೆ ಮಾಡುತ್ತಿರಿ. ಗುಳ್ಳೆ ಎದ್ದ ಡ್ಯಾಂಪ್ ಪ್ರೂಫ್ ಬಣ್ಣವನ್ನೆಲ್ಲ ಕೆರೆಸಿಬಿಡಿ, ಗೋಡೆಗೆ ಉಸಿರಾಡಲು ಬಿಡಬೇಕು. ಪೂರ್ತಿ ಒಣಗುವ ತನಕ ಪುಟ್ಟಿಯೂ ಬೇಡ, ಬಣ್ಣವೂ ಬೇಡ. ಪೇಂಟರ್ ಅವಸರ ಮಾಡುತ್ತಾರೆ, ಮಾಡಲಿ.